ದೀರ್ಘಕಾಲದ ಸೊಂಟನೋವು ಮತ್ತು ಬೆನ್ನಿನ ಒಳಸ್ನಾಯುಗಳು

ಮೂರು ತಿಂಗಳು ದಾಟಿಯೂ ಬಿಡದ ಸೊಂಟನೋವು ದೀರ್ಘಕಾಲದ್ದೆನಿಸುತ್ತದೆ. ಇಂಥವರಲ್ಲಿ ಬೆನ್ನುಮೂಳೆಗೆ ಅಂಟಿಕೊಂಡ ಒಳಪದರದ ಸ್ನಾಯುಗಳು ದುಡಿಯುವ ಬಗೆಯೇ ಬದಲಾಗಿರುವುದುಂಟು. ಇವುಗಳಲ್ಲಿ ಮುಖ್ಯವಾದದ್ದು ಮಲ್ಟಿಫಿಡಸ್. ಮೇಲಿನ ಮಣಿಯಿಂದ ಹೊರಟು ಕೆಳಗಿನ ಕೆಲವು ಮಣಿಗಳಿಗೆ ಕಚ್ಚಿಕೊಳ್ಳುವ ಗಿಡ್ಡ ಎಳೆಗಳ ಈ ಕಟ್ಟು, ಬೆನ್ನಿನ ಮಣಿಗಳು ಅತಿಯಾಗಿ ಅಲುಗದಂತೆ ಹಿಡಿದಿಡುತ್ತದೆ.

ತುಮಕೂರಿನ ಮರಳೂರಿನಿಂದ ಗುಬ್ಬಿ, ಕುಣಿಗಲ್‌ ಕಡೆಗೆ ಹೊರಟರೆ ರಾಗಿ ಹೊಲ, ತೆಂಗು, ಅಡಿಕೆ. ಕಳೆ ಕೀಳುವುದಾಗಲಿ ಕಾಯಿ ಹೆಕ್ಕುವುದಾಗಲಿ ಬಗ್ಗಿಯೇ ಮಾಡುವ ಕೆಲಸ. ಹಾಗೆ ಬಗ್ಗಿದಾಗ ಬೆನ್ನಿನ ಸ್ನಾಯುಗಳಲ್ಲಿ ಏನಾಗುತ್ತದೆ? ಆರೋಗ್ಯವಂತರು ಪೂರ್ತಿ ಬಗ್ಗಿದಾಗ ಬೆನ್ನಿನ ಸ್ನಾಯುಗಳ ವಿದ್ಯುತ್‌ ಚಟುವಟಿಕೆ ಬಹುಮಟ್ಟಿಗೆ ನಿಂತು, ಭಾರ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಸಂಶೋಧಕರಾದ ಫ್ಲಾಯ್ಡ್‌ ಮತ್ತು ಸಿಲ್ವರ್‌ 1950ರ ದಶಕದಲ್ಲಿ ಇದನ್ನು ದಾಖಲಿಸಿದರು. ಹಳೆಯ ನೋವಿರುವ ಅನೇಕರಲ್ಲಿ ಈ ಬಿಡುವೇ ಸಿಗದು. ಬಗ್ಗಿ ನಿಂತಷ್ಟು ಹೊತ್ತೂ ಸ್ನಾಯು ಬಿಗಿದೇ ಇರುತ್ತದೆ. ಆದ್ದರಿಂದ ‘ನಿಮ್ಮ ಬೆನ್ನಿನ ಸ್ನಾಯು ಸೋತಿದೆ’ ಎಂಬ ಸರಳ ಮಾತು ಅರ್ಧ ಸತ್ಯವಷ್ಟೇ. ಒಂದು ಪದರ ಸೊರಗಿದ್ದರೆ ಇನ್ನೊಂದು ಬಿಡುವಿಲ್ಲದೆ ದುಡಿಯುತ್ತಿರಬಹುದು.

ಸೊರಗುವಿಕೆಯನ್ನು ಸ್ಪಷ್ಟವಾಗಿ ತೋರಿಸಿದ್ದು ಆಸ್ಟ್ರೇಲಿಯಾದ ಜೂಲಿ ಹೈಡ್ಸ್‌ ಮತ್ತು ಸಂಗಡಿಗರು. ನೋವು ಆರಂಭವಾದ ಸ್ವಲ್ಪ ಕಾಲದಲ್ಲೇ, ನೋವಿರುವ ಮಗ್ಗುಲಿನ ಮಲ್ಟಿಫಿಡಸ್‌ ಸಣ್ಣದಾಗುತ್ತದೆಂದು 1994ರಲ್ಲಿ ಅಲ್ಟ್ರಾಸೌಂಡ್‌ನಿಂದ ಕಂಡರು. ನೋವು ಹೋದರೂ ಸ್ನಾಯು ತಾನಾಗಿ ಮೊದಲಿನಂತಾಗುವುದಿಲ್ಲ ಎಂದು 1996ರ ಅಧ್ಯಯನ ತಿಳಿಸಿತು; ನೋವು ಮರಳಿ ಬರುವುದಕ್ಕೆ ಇದೊಂದು ಕಾರಣವಿರಬಹುದು. ಅದೇ ವರ್ಷ ಸಂಶೋಧಕರಾದ ಹಾಡ್ಜಸ್‌ ಮತ್ತು ರಿಚರ್ಡ್‌ಸನ್‌ ತೆಳು ತಂತಿಯ ಎಲೆಕ್ಟ್ರೋಡ್‌ ಚುಚ್ಚಿ ಹೊಟ್ಟೆಯ ಒಳಸ್ನಾಯುವನ್ನು ಅಳೆದರು. ಕೈ ಎತ್ತುವ ಮೊದಲೇ ಸಜ್ಜಾಗಬೇಕಾದ ಅದು ಸೊಂಟನೋವಿನವರಲ್ಲಿ ತಡವಾಗಿ ಎಚ್ಚೆತ್ತಿತು.

ಹಾಗಾದರೆ ಒಳಸ್ನಾಯುವನ್ನೇ ಗುರಿಯಾಗಿಸಿದ ವ್ಯಾಯಾಮ ಹೆಚ್ಚು ಫಲ ಕೊಡಬೇಕಲ್ಲವೆ? ದೀರ್ಘಕಾಲದ ನೋವಿನಲ್ಲಿ ಅದು ಇತರ ವ್ಯಾಯಾಮಗಳಿಗಿಂತ ಗಣನೀಯವಾಗಿ ಮೇಲೇನಲ್ಲ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2016ರ ಕಾಕ್ರೇನ್‌ ವಿಮರ್ಶೆ ಹೇಳಿತು. ಕರ್ನಾಟಕದ ಒಂದು ಪ್ರಯೋಗವೂ ಇಲ್ಲಿ ನೆನಪಾಗುತ್ತದೆ. ಜಿಗಣಿ ಬಳಿಯ ಎಸ್‌-ವ್ಯಾಸ ಯೋಗ ಸಂಸ್ಥೆಯಲ್ಲಿ 80 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಒಂದು ವಾರದ ತೀವ್ರ ಯೋಗ, ಇನ್ನೊಂದಕ್ಕೆ ದೈಹಿಕ ವ್ಯಾಯಾಮ ಮಾಡಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಯೋಗದವರಲ್ಲಿ ದಿನನಿತ್ಯದ ಅಡಚಣೆ ಹೆಚ್ಚು ತಗ್ಗಿತ್ತು, ಬೆನ್ನು ಹೆಚ್ಚು ಬಳುಕುತ್ತಿತ್ತು. ಅಲ್ಲಿ ಅಳೆದದ್ದು ಅಡಚಣೆ, ಬಳುಕುಗಳನ್ನೇ ಹೊರತು ಒಳಸ್ನಾಯುವನ್ನಲ್ಲ. ಇದನ್ನು ಮರೆತು ಯೋಗದಿಂದ ಮಲ್ಟಿಫಿಡಸ್‌ ಬಲಗೊಂಡಿತು ಎಂದುಬಿಡುವುದು ಅವಸರ.

ಎಂಆರ್‌ಐಯಲ್ಲಿ ಮಲ್ಟಿಫಿಡಸ್‌ ನಡುವೆ ಕೊಬ್ಬು ಕಂಡರೂ ಗಾಬರಿ ಬೇಡ. ವಯಸ್ಸಾದವರಲ್ಲಿ ನೋವಿಲ್ಲದೆಯೂ ಅದು ಕಾಣಿಸುತ್ತದೆ. ಆದರೆ ಕಾಲಿನ ಬಲ ಕುಂದುತ್ತಾ ಬಂದರೆ, ಗುದ, ಗುಪ್ತಾಂಗಗಳ ಸುತ್ತ ಮರಗಟ್ಟಿದರೆ, ಇಲ್ಲವೆ ಮೂತ್ರದ ಹಿಡಿತ ತಪ್ಪಿದರೆ ವ್ಯಾಯಾಮವನ್ನು ಬದಿಗಿಟ್ಟು ಅಂದೇ ತುಮಕೂರು ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಇನ್ನಾವುದೇ ದೊಡ್ಡ ಆಸ್ಪತ್ರೆಗೋ ಹೋಗಬೇಕು.