ಕಡಲೂರಿನಲ್ಲಿ ಮಳೆ ಹಿಡಿದಾಗ

ರಜೆ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ಕಡಲ ತೀರಕ್ಕೆ ಹೋಗುವುದು ಈಗ ದಾವಣಗೆರೆ, ತುಮಕೂರು, ಹುಬ್ಬಳ್ಳಿಗಳ ಮನೆಗಳಲ್ಲಿ ಒಂದು ವಾಡಿಕೆಯೇ ಆಗಿದೆ. ನಮ್ಮ ಅಜ್ಜಿಯರಿಗೆ ಈ ವಾಡಿಕೆ ಗೊತ್ತಿರಲಿಲ್ಲ. ಅವರ ಪಾಲಿಗೆ ಸಮುದ್ರವೆಂದರೆ ಗೋಕರ್ಣದಲ್ಲಿ ಮುಳುಗು ಹಾಕಿ ಪುಣ್ಯ ಕಟ್ಟಿಕೊಳ್ಳುವ ಜಾಗ. ಮರಳಿನಲ್ಲಿ ಮನೆ ಕಟ್ಟಿ ಆಡುವ ಜಾಗವಲ್ಲ. ಹೀಗೆ ಆಸೆಯಿಂದ ಹೋದವರಿಗೆ ಅಲ್ಲಿ ಮಳೆ ಹಿಡಿದರೆ ಮುಗಿಯಿತು. ಮಕ್ಕಳು ಕಿಟಕಿಗೆ ಮೂಗು ಒತ್ತಿಕೊಂಡು ಅಳುತ್ತವೆ, ಗಂಡಸರು ಮೋಡ ನೋಡಿ ಮುಖ ಗಂಟಿಕ್ಕುತ್ತಾರೆ, ಮನೆಯಲ್ಲಿ ಒಂದೇ ಮಾತು: "ರಜೆಯೆಲ್ಲ ಹಾಳಾಯಿತು."

ಈ ಮಾತಿಗೂ ಒಂದು ಚರಿತ್ರೆಯಿದೆ. ಅದನ್ನು ಹುಡುಕಿಕೊಂಡು ಹೋದರೆ ನಮ್ಮ ಕರಾವಳಿಗಿಂತ ಮೊದಲು ಇಂಗ್ಲೆಂಡಿನ ಬ್ರೈಟನ್ ಎಂಬ ಊರು ಸಿಗುತ್ತದೆ.

ಬ್ರೈಟನ್ ಮೊದಲಿಗೆ ಬೆಸ್ತರ ಊರು. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯ, ಸಮುದ್ರದ ನೀರು ಗ್ರಂಥಿಗಳ ರೋಗಕ್ಕೆ ಮದ್ದು ಎಂದು ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದ. ಆ ನೀರಿನಲ್ಲಿ ಮೀಯಬೇಕು ಎಂದಷ್ಟೇ ಅಲ್ಲ, ಕುಡಿಯಬೇಕು ಎಂದೂ ಹೇಳಿದ. ಸಿರಿವಂತರು ಮೈ ಸುಧಾರಿಸಿಕೊಳ್ಳಲು ಸಮುದ್ರದ ದಾರಿ ಹಿಡಿದರು. 1841ರಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ರೈಲು ಬಂತು. 1871ರಲ್ಲಿ ಬ್ಯಾಂಕ್ ರಜೆಗಳ ಕಾಯಿದೆಯಾಗಿ ಆಗಸ್ಟಿನ ಮೊದಲ ಸೋಮವಾರವೂ ರಜೆಯಾಯಿತು. ಆಮೇಲೆ ಅಂಗಡಿಯವರು, ಗುಮಾಸ್ತರು, ಗಿರಣಿಯ ಕೆಲಸಗಾರರು, ಎಲ್ಲರೂ ಹೆಂಡತಿ ಮಕ್ಕಳೊಡನೆ ಕಡಲಿಗೆ ಹೊರಟರು. ಮದ್ದು ಹೋಗಿ ಮೋಜು ಉಳಿಯಿತು.

ಆದರೆ ಇಂಗ್ಲೆಂಡಿನ ಬೇಸಿಗೆಯನ್ನು ನಂಬುವ ಹಾಗಿಲ್ಲ. ಆಗಸ್ಟಿನಲ್ಲೂ ಮಳೆ ಸುರಿಯುತ್ತದೆ. ಅಲ್ಲಿನ ಕಡಲೂರುಗಳಲ್ಲಿ ಬಡ ಮಧ್ಯಮ ವರ್ಗದವರು ಇಳಿದುಕೊಳ್ಳುತ್ತಿದ್ದುದು ಯಾರಾದರೂ ಹೆಂಗಸು ನಡೆಸುವ ವಸತಿ ಮನೆಯಲ್ಲಿ. ಬೆಳಗಿನ ತಿಂಡಿ ಆದ ಮೇಲೆ ಅತಿಥಿಗಳು ಮನೆಯಿಂದ ಹೊರಗೆ ಹೋಗಬೇಕು, ಊಟದ ಹೊತ್ತಿಗಷ್ಟೇ ಬರಬೇಕು ಎಂಬುದು ಇಂಥ ಅನೇಕ ಮನೆಗಳ ನಿಯಮ. ಮಳೆಯಿರಲಿ, ಗಾಳಿಯಿರಲಿ, ಮಕ್ಕಳನ್ನು ಕಟ್ಟಿಕೊಂಡ ಸಂಸಾರಗಳು ತೀರದ ಸೂರಿನಡಿ ಕುಳಿತು ಸಂಜೆಯಾಗುವುದನ್ನೇ ಕಾಯುತ್ತಿದ್ದವು. ಆ ಮನೆಯೊಡತಿಯರ ಗಡಸುತನದ ಬಗ್ಗೆ ಅಲ್ಲಿ ಬೇಕಾದಷ್ಟು ನಗೆಚಾಟಿಕೆಗಳು ಹುಟ್ಟಿದವು. ಆಕೆಯ ಕಡೆಯಿಂದ ನೋಡಿದವರು ಕಡಿಮೆ. ನಾಲ್ಕಾರು ಸಂಸಾರಗಳ ಹಾಸಿಗೆ ಸರಿಮಾಡಿ, ತಟ್ಟೆ ತೊಳೆದು, ಒದ್ದೆ ಬಟ್ಟೆ ಒಣಗಿಸಿ ಮತ್ತೆ ಅಡುಗೆಗೆ ನಿಲ್ಲಬೇಕಾದವಳಿಗೆ ಆ ನಾಲ್ಕು ತಾಸಾದರೂ ಮನೆ ಖಾಲಿಯಾಗಬೇಡವೇ? ಊರಿಗೆಲ್ಲ ರಜೆಯಾದಾಗ ಅವಳಿಗೆ ಮೈಮುರಿ ದುಡಿಮೆ.

ಈ ಬ್ರೈಟನ್ನಿನಿಂದ ನಮ್ಮ ಕಾರವಾರಕ್ಕೆ ಒಂದು ನಂಟಿದೆ, ಅದೂ ಒಬ್ಬ ಹೆಣ್ಣುಮಗಳ ಮೂಲಕ. ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನಿ ದೇವಿ. ಇಂದು ನಾವು ಸೆರಗನ್ನು ಎಡ ಹೆಗಲ ಮೇಲೆ ಹಾಕಿ ರವಿಕೆಯೊಂದಿಗೆ ಸೀರೆ ಉಡುವ ರೀತಿ ಬಂಗಾಳದಲ್ಲಿ ಹಬ್ಬಿದ್ದು ಈಕೆಯಿಂದ. ಮುಂಬಯಿಯ ಪಾರ್ಸಿ ಮತ್ತು ಗುಜರಾತಿ ಹೆಂಗಸರನ್ನು ನೋಡಿ ರೂಢಿಸಿಕೊಂಡದ್ದು. ಹೆಂಗಸರು ಅಂಗಳ ದಾಟುವುದೇ ದೊಡ್ಡ ಮಾತಾಗಿದ್ದ 1877ರಲ್ಲಿ ಈಕೆ ಗಂಡನ ಜತೆಯಿಲ್ಲದೆ ಮೂವರು ಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿ ಇಂಗ್ಲೆಂಡಿಗೆ ಹೋದಳು. ಬ್ರೈಟನ್ನಿನಲ್ಲಿ ಮನೆ ಮಾಡಿದಳು. ಮರುವರ್ಷ ಮೈದುನ ರವೀಂದ್ರನಾಥರು ಹೋಗಿ ಸೇರಿದ್ದು ಆ ಮನೆಯನ್ನೇ.

ಮುಂದೆ 1880ರ ದಶಕದ ಆರಂಭದಲ್ಲಿ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ಅಲ್ಲಿಗೂ ಬಂದರು. 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಅಲ್ಲೇ. ಕಾರವಾರದ ಕಡಲ ತೀರಕ್ಕೆ ಇಂದು ಅವರದೇ ಹೆಸರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋದದ್ದನ್ನೂ, ಒಬ್ಬ ರೈತನ ಅಂಗಳದಲ್ಲಿ ಕುಳಿತು ಕಟ್ಟಿಕೊಂಡು ಹೋದ ಬುತ್ತಿ ಉಂಡದ್ದನ್ನೂ ಅವರು ತಮ್ಮ ನೆನಪುಗಳಲ್ಲಿ ಸೊಗಸಾಗಿ ಹೇಳಿದ್ದಾರೆ. ಬುತ್ತಿ ಕಟ್ಟಿಕೊಟ್ಟವರು ಯಾರು ಎಂಬ ಮಾತು ಮಾತ್ರ ಅಲ್ಲಿಲ್ಲ. ಓದುವ ಗಂಡಸರಿಗೆ ಬೆಳದಿಂಗಳು ಕಾಣುತ್ತದೆ. ನಮ್ಮಂಥವರಿಗೆ ಮೊದಲು ಕಾಣುವುದು ಬುತ್ತಿ!

ಇನ್ನು ಇದೇ ಕರಾವಳಿಯ ಮಳೆಯ ವಿಚಾರಕ್ಕೆ ಬರೋಣ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಬೆಂಗಳೂರಿನ ಮಳೆಯ ಮೂರು ಪಟ್ಟಿಗಿಂತ ಹೆಚ್ಚು. ಇಂಥ ಕಡೆ ಹಿಂದಿನವರು ಮಳೆಯನ್ನು ವಿಘ್ನವೆಂದು ಎಣಿಸಲಿಲ್ಲ. ವರ್ಷವನ್ನೇ ಎರಡು ಭಾಗ ಮಾಡಿಕೊಂಡರು: ಹೊರಗಿನ ಕಾಲ, ಒಳಗಿನ ಕಾಲ. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅಂದಿಗೆ ದೈವದ ಕೋಲ, ದೇವಸ್ಥಾನದ ಜಾತ್ರೆಗಳು ಮುಗಿಯುತ್ತವೆ. ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸಿ ಗೆಜ್ಜೆ ಬಿಚ್ಚುತ್ತವೆ. ಹಾಯಿಹಡಗಿನ ಕಾಲದಲ್ಲಿ ಪತ್ತೇಮಾರಿ, ಮಂಜಿಗಳನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸುತ್ತಿದ್ದರು. ಸಮುದ್ರಕ್ಕೆ ಬಾಗಿಲು ಹಾಕಿದಂತೆ. ಈಗಲೂ ಯಂತ್ರದ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ.

ಹೊರಗಿನ ಬಾಗಿಲು ಮುಚ್ಚಿದ ಮೇಲೆ ನಾಲ್ಕು ತಿಂಗಳು ಮನೆ ನಡೆಯಬೇಕಲ್ಲ? ನಡೆಸಿದವರು ಹೆಂಗಸರು. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲೇ ಹಲಸಿನ ಹಪ್ಪಳ, ಸಂಡಿಗೆ, ಮಾಂಬಳ, ಮಾವಿನ ಮಿಡಿಯ ಉಪ್ಪಿನಕಾಯಿ, ಉಪ್ಪುಸೊಳೆ, ಒಣಗಿಸಿದ ಹುಣಸೆ, ಮೀನು ತಿನ್ನುವವರ ಮನೆಯಲ್ಲಿ ಒಣಮೀನು, ಒಟ್ಟಿದ ಸೌದೆ. ಇದು ಎಷ್ಟು ಹಳೆಯ ವಿದ್ಯೆ ಎನ್ನುವುದಕ್ಕೆ ಒಬ್ಬ ಪರದೇಶಿಯ ಸಾಕ್ಷಿಯಿದೆ. ಮೊರಾಕ್ಕೊ ದೇಶದ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರದ ಸುಲ್ತಾನನ ಬಳಿ ತಂಗಿದ್ದ. ಅಲ್ಲಿನ ಊಟದ ವರ್ಣನೆಯಲ್ಲಿ ರೇಷ್ಮೆ ಉಟ್ಟ ದಾಸಿಯೊಬ್ಬಳು ತಾಮ್ರದ ಸೌಟಿನಿಂದ ಅನ್ನ ಬಡಿಸಿ ತುಪ್ಪ ಹಾಕುತ್ತಾಳೆ. ಬದಿಗೆ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ. ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡದೆ ಬರಿಯ ಅನ್ನ ಉಂಡೆ ಎಂದು ಬರೆಯುತ್ತಾನೆ. ಹನ್ನೊಂದು ತಿಂಗಳೆಂದರೆ ಮಳೆಗಾಲವನ್ನು ತಪ್ಪಿಸಿಕೊಂಡಿರಲಾರ. ಅದೇ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದೂ, ಹೆಂಗಸರಿಗೆ ಕುರಾನ್ ಬಾಯಿಪಾಠವಿತ್ತೆಂದೂ ಅವನು ಹೇಳುವುದನ್ನು ಓದಿದಾಗ, ಏಳು ಶತಮಾನದ ಹಿಂದಿನ ಆ ಹೊನ್ನಾವರದ ಮೇಲೆ ಗೌರವ ಹುಟ್ಟುತ್ತದೆ.

ತಲೆಯ ಮೇಲಿನ ಸೂರಿಗೂ ಚರಿತ್ರೆಯಿದೆ. ಮೊದಲು ಹೆಚ್ಚಿನ ಮನೆಗಳಿಗೆ ಹುಲ್ಲಿನದೋ ಮಡಲಿನದೋ ಮಾಡು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಕೆಂಪು ಹೆಂಚು 'ಮಂಗಳೂರು ಹೆಂಚು' ಎಂದೇ ದೇಶ ವಿದೇಶಗಳಿಗೆ ಹೋಯಿತು. ವರ್ಷ ವರ್ಷ ಹುಲ್ಲು ಹೊದೆಸುವ ಕಷ್ಟ ತಪ್ಪಿದ್ದು ಎಷ್ಟೋ ಮನೆಗಳಿಗೆ ದೊಡ್ಡ ಬಿಡುಗಡೆ.

ಈ ಒಳಗಿನ ಕಾಲದ ನಟ್ಟನಡುವೆ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಆಟಿ ತಿಂಗಳು. ಗದ್ದೆಯ ನೆಟ್ಟಿ ಮುಗಿದು ಸಂಪಾದನೆ ಇಲ್ಲದ ಕಷ್ಟದ ತಿಂಗಳು. ಕೆಸುವಿನ ಪತ್ರೊಡೆ, ಎಳೆ ಬಿದಿರಿನ ಕಣಿಲೆ, ಹಲಸಿನ ಬೀಜ ಇವುಗಳಿಂದಲೇ ಹೊಟ್ಟೆ ಹೊರೆದ ಕಾಲವದು. ಅಮಾವಾಸ್ಯೆಯಂದು ಬೆಳಗಿನ ಜಾವ ಹಾಲೆಮರದ ತೊಗಟೆ ತಂದು ಕಹಿ ಕಷಾಯ ಕುಡಿದು ಮೇಲೆ ಮೆಂತೆ ಗಂಜಿ ಉಣ್ಣುತ್ತಾರೆ. ಇಂಥ ತಿಂಗಳಲ್ಲಿ ಹೊಸದಾಗಿ ಮದುವೆಯಾದ ಮಗಳು ತವರಿಗೆ ಬರಬೇಕು. ಬಯಲುಸೀಮೆಯ ನಮ್ಮ ಆಷಾಢದ ಹಾಗೆಯೇ. ತುಳುವಿನಲ್ಲಿ ಇದಕ್ಕೆ 'ಆಟಿ ಕುಳ್ಳುನಿ' ಎನ್ನುತ್ತಾರೆ, ಆಟಿ ಕೂರುವುದು. ಎಂಥ ಮಾತು ನೋಡಿ! ಹೆಣ್ಣು ಕುಳಿತರೆ ಸೋಮಾರಿ ಎನ್ನುವ ಲೋಕದಲ್ಲಿ, ಕೂರುವುದನ್ನೇ ಒಂದು ಸಂಪ್ರದಾಯ ಮಾಡಿದ್ದರು. ಜಗಲಿಯಲ್ಲಿ ಚೆನ್ನೆಮಣೆ ಇಳಿಯುತ್ತಿತ್ತು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಮಳೆಯ ಸದ್ದಿನ ಜತೆಗೆ ಕಾಯಿಗಳ ಸದ್ದು.

ಕಡಲ ದಂಡೆಯಲ್ಲಿ ಮಳೆಯ ರಜೆ ಎನ್ನುವುದು ಬ್ರೈಟನ್ನಿನವರು ಕಲಿಸುವ ಮೊದಲೇ ನಮ್ಮಲ್ಲಿತ್ತು. ಅದು ಹೆಣ್ಣುಮಕ್ಕಳ ರಜೆಯಾಗಿತ್ತು.

ಇದು ನನಗೆ ಮನಸ್ಸಿಗೆ ಹತ್ತಿದ್ದು 2025ರಲ್ಲಿ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ಶಾಲೆ ತೆರೆಯುವ ಮುಂಚೆ ನಾಲ್ಕು ದಿನವೆಂದು ನಾವು, ನಮ್ಮ ಭಾವನ ಸಂಸಾರ, ಒಟ್ಟು ಒಂಬತ್ತು ಮಂದಿ ಕಾಪುವಿನಲ್ಲಿರುವ ನಮ್ಮ ಯಜಮಾನರ ಚಿಕ್ಕಮ್ಮನ ಮನೆಯಲ್ಲಿದ್ದೆವು. 1901ರಲ್ಲಿ ಕಟ್ಟಿದ ಅಲ್ಲಿನ ದೀಪಸ್ತಂಭ ಹತ್ತಿಸುತ್ತೇವೆಂದು ಮಕ್ಕಳಿಗೆ ಆಸೆ ಹುಟ್ಟಿಸಿಯಾಗಿತ್ತು. ಮಳೆಯಲ್ಲಿ ದೀಪಸ್ತಂಭವಿರಲಿ, ಎದುರಿನ ತೆಂಗಿನ ಮರವೂ ಕಾಣುತ್ತಿರಲಿಲ್ಲ. ಗಂಡಸರು ಜಗಲಿಯಲ್ಲಿ ಪೇಪರು ಹಿಡಿದು ಕುಳಿತರು. ಮಳೆ ಜೋರಾದಷ್ಟೂ ಹಸಿವು ಜೋರು! ಮೊದಲ ದಿನ ಸಂಜೆಯೊಳಗೆ ಐದು ಸಲ ಕಾಫಿ, ಎರಡು ಸಲ ಹಪ್ಪಳ, ಒಂದು ಸಲ ಬಜ್ಜಿ. ನಾನು, ಓರಗಿತ್ತಿ, ಎಪ್ಪತ್ತು ದಾಟಿದ ಚಿಕ್ಕಮ್ಮ ಅಡುಗೆಮನೆಯ ಹೊಗೆಯಲ್ಲಿ. "ರಜೆಯೆಲ್ಲ ಹಾಳಾಯಿತಲ್ಲ ಚಿಕ್ಕಮ್ಮ" ಎಂದಳು ಓರಗಿತ್ತಿ.

"ಎಂತ ಹಾಳಾದ್ದು ಮಾರಾಯ್ತಿ? ಮಳೆ ಬಾರದಿದ್ದರೆ ಅಲ್ಲವಾ ಹಾಳಾಗುವುದು?" ಎಂದರು ಚಿಕ್ಕಮ್ಮ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನನ್ನ ಮೊದಲ ಆಟಿಯಲ್ಲಿ ಅಮ್ಮ ನನಗೆ ಒಂದು ಲೋಟ ಎತ್ತಿಡಲಿಕ್ಕೂ ಬಿಡಲಿಲ್ಲ. ಒಂದು ತಿಂಗಳು. ಮಳೆ ನೋಡುವುದು, ಚೆನ್ನೆ ಆಡುವುದು, ಮಲಗುವುದು. ಅದಾಗಿ ಐವತ್ತು ವರ್ಷ ಆಯಿತು. ಅಂಥ ರಜೆ ಮತ್ತೆ ಸಿಕ್ಕಲಿಲ್ಲ."

ಮರುದಿನ ಬೆಳಿಗ್ಗೆ ಅವರು ಎರಡು ಬಲಿತ ಹಲಸಿನಕಾಯಿಗಳನ್ನು ಜಗಲಿಯ ನಡುವೆ ಉರುಳಿಸಿ, ಕತ್ತಿ, ತೆಂಗಿನೆಣ್ಣೆಯ ಬಟ್ಟಲು ಇಟ್ಟು, ಗಂಡಸರಿಗೆ ಹೇಳಿದರು: "ಹಪ್ಪಳಕ್ಕೆ ಬಿಸಿಲಿಲ್ಲ. ಉಪ್ಪುಸೊಳೆಯಾದರೂ ಹಾಕುವಾ. ನೀವು ಬಿಡಿಸಿ." ಭಾವನವರು ನಕ್ಕರು, ನಮ್ಮ ಯಜಮಾನರು ಪೇಪರು ಮಡಚಿದರು. ಅಂಟು ಮೆತ್ತಿಕೊಂಡ ಕೈಗಳಿಂದ ಮಧ್ಯಾಹ್ನದವರೆಗೂ ಅವರು ಜಗಲಿ ಬಿಟ್ಟು ಏಳಲಿಲ್ಲ. ಕಾಫಿ ಕೇಳಿದರೆ ಚಿಕ್ಕಮ್ಮ ದೊಡ್ಡ ಮೊಮ್ಮಗನನ್ನು ಒಲೆಯ ಮುಂದೆ ನಿಲ್ಲಿಸಿದರು. ಅಟ್ಟದಿಂದ ಚೆನ್ನೆಮಣೆ ಇಳಿಯಿತು. ನಾವು ಮೂವರು ಹೆಂಗಸರು, ಇಬ್ಬರು ಹುಡುಗಿಯರು ಅದರ ಸುತ್ತ ಕುಳಿತೆವು. ಆಟದಲ್ಲಿ ಚಿಕ್ಕಮ್ಮನ ಬೆರಳುಗಳು ಲೆಕ್ಕ ಮರೆತಿರಲಿಲ್ಲ, ನಮ್ಮನ್ನೆಲ್ಲ ಸೋಲಿಸಿದರು. ಆಗಸ್ಟಿನಲ್ಲಿ ಭರಣಿ ತೆರೆದಾಗ ಫೋನು ಮಾಡಿ, "ನಿಮ್ಮ ಗಂಡಸರು ಬಿಡಿಸಿದ್ದು ಸಾಧಾರಣ ಉಂಟು, ಅಂಟು ಮಾತ್ರ ಹಾಗೇ ಉಂಟು" ಎಂದು ತೀರ್ಪು ಕೊಟ್ಟರು.

ಕಡಲ ಮಳೆಯಲ್ಲಿ ಸಿಕ್ಕಿಕೊಂಡವರಿಗೆ ಹೇಳಬೇಕಾದ ಮೊದಲ ಮಾತು, ನೀರಿಗೆ ಇಳಿಯಬೇಡಿ ಎಂಬುದು. ಬಾಗಿಲು ಹಾಕಿದ ಸಮುದ್ರ ಅದು. ಹುಟ್ಟಾ ಬೆಸ್ತರೇ ಗೌರವ ಕೊಟ್ಟು ದೂರ ನಿಲ್ಲುತ್ತಾರೆ. ಮನೆಯೊಳಗೆ ಮಾಡಲು ಬೇಕಾದಷ್ಟಿದೆ. ಮಕ್ಕಳಿಗೆ ಪತ್ರೊಡೆ ಸುತ್ತುವುದನ್ನು ಕಲಿಸಬಹುದು. ಹತ್ತಿರದಲ್ಲಿ ತಾಳಮದ್ದಳೆಯಿದ್ದರೆ ಕೊಡೆ ಹಿಡಿದು ಹೋಗಬಹುದು. ವೇಷವಿಲ್ಲದೆ ಬರಿಯ ಮಾತಿನಲ್ಲಿ ಕುರುಕ್ಷೇತ್ರವನ್ನು ಕಟ್ಟುವ ಆ ಕಲೆ ಮಳೆಗಾಲದ ಸಂಜೆಗಳಿಗೆಂದೇ ಒಗ್ಗಿದ್ದು. ಮನೆಯ ಹಿರಿಯರ ಬಾಯಿಂದ ಹಳೆಯ ಮಳೆಗಳ ಕಥೆ ಕೇಳಬಹುದು.

ಎರಡನೆಯ ಮಾತು ಒಲೆಯ ಕುರಿತದ್ದು. ಬ್ರೈಟನ್ನಿನ ಮನೆಯೊಡತಿ, ಹೊನ್ನಾವರದಲ್ಲಿ ಸೌಟು ಹಿಡಿದ ದಾಸಿ, ಕಾರವಾರದ ಬುತ್ತಿ ಕಟ್ಟಿದ ಕೈ, ಈ ಮೂವರ ಹೆಸರೂ ಚರಿತ್ರೆಯಲ್ಲಿ ನಮಗೆ ಸಿಕ್ಕುವುದಿಲ್ಲ. ನಮ್ಮ ಮನೆಗಳಲ್ಲಾದರೂ ಆ ಹೆಸರು ಗೊತ್ತಿದೆ, ಮುಖ ಕಣ್ಣೆದುರೇ ಇದೆ. ನೆಂಟರ ಮನೆಯಲ್ಲಿ ಮಳೆ ಹಿಡಿದು ಕುಳಿತಾಗ ಪ್ರತಿಯೊಬ್ಬರೂ ಒಂದೊಂದು ಹೊತ್ತು ಒಲೆಯ ಮುಂದೆ ನಿಂತರೆ, ಆ ಮನೆಯ ಹಿರಿಯಳಿಗೆ ಒಂದು ಮಧ್ಯಾಹ್ನವಾದರೂ ಕಾಲು ಚಾಚಿ ಆಟಿ ಕೂರಲು ಬಿಡುವಾಗುತ್ತದೆ. ಹಾಗೆ ಕೂರುವ ಹಕ್ಕು ಹೊಸತಲ್ಲ. ಅವಳ ತಾಯಿ ಅದನ್ನು ಎಂದೋ ಅವಳಿಗೆ ಕೊಟ್ಟಿದ್ದಳು.