ಶಾಸನಗಳಲ್ಲಿ ಲಾಂಛನವೂ ಧ್ವಜವೂ

ಬೀರೂರು ತರೀಕೆರೆಗಳ ಸೀಮೆಗೆ ಸೇರಿದ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಕ್ರಿ. ಶ. ೧೧೯೬ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನವು ಜನ್ನಕವಿಯ ರಚನೆಯೆಂಬುದರಿಂದ ಆ ಸ್ಥಳವು ಸಾಹಿತ್ಯಾಭ್ಯಾಸಿಗಳಿಗೂ ಪರಿಚಿತವಾದುದು. ಗರ್ಭಗೃಹದ ಮುಂದಣ ಸುಕನಾಸಿಯ ಮೇಲೆ, ಎರಗಿ ಬರುವ ಮೃಗವೊಂದನ್ನು ವೀರನು ಇರಿಯುತ್ತಿರುವ ಶಿಲ್ಪವು ಇಂದಿಗೂ ಉಳಿದಿದೆ. ಇದೇ ಹೊಯ್ಸಳರ ರಾಜಚಿಹ್ನೆ. ಶಿಲ್ಪವನ್ನು ನೋಡಿದವರು ಈ ಮೃಗವನ್ನು ಸಿಂಹವೆನ್ನುವರು. ಶಾಸನಗಳನ್ನು ಓದಿದವರು ಹುಲಿಯೆನ್ನುವರು. ಈ ಭಿನ್ನಾಭಿಪ್ರಾಯವು ಕೇವಲ ಒಂದು ಮೃಗಕ್ಕೆ ಸಂಬಂಧಿಸಿದುದಲ್ಲ. ಕನ್ನಡನಾಡಿನ ರಾಜಚಿಹ್ನೆಗಳನ್ನು ಹೇಳುವ ಪರಿಭಾಷೆಯನ್ನು ಸೂಕ್ಷ್ಮವಾಗಿ ಗಮನಿಸದಿರುವುದೇ ಇದಕ್ಕೂ ಇಂತಹ ಇತರ ಗೊಂದಲಗಳಿಗೂ ಮೂಲವಾಗಿದೆ.

ಮಧ್ಯಯುಗದ ಶಾಸನಗಳಲ್ಲಿ ಮಹಾಮಂಡಲೇಶ್ವರರ ಪ್ರಶಸ್ತಿಯು ಬಹುಮಟ್ಟಿಗೆ ಒಂದು ಕಟ್ಟನ್ನು ಅನುಸರಿಸುತ್ತದೆ. ಪೂರ್ವಿಕರ ಪುರ, ಕುಲದೈವದ ವರಪ್ರಸಾದ, ಲಾಂಛನ, ಧ್ವಜ, ತೂರ್ಯ ಎಂಬಿವು ಅದರಲ್ಲಿ ಬೇರೆಬೇರೆಯಾಗಿಯೇ ಉಕ್ತವಾಗಿರುವುವು. ಹಾನಗಲ್ಲ ಕದಂಬರು ಬನವಾಸಿಪುರವರಾಧೀಶ್ವರರು. ಅವರ ಲಾಂಛನ ಸಿಂಹ, ಧ್ವಜ ವಾನರ, ವಾದ್ಯ ಪೆರ್ಮಟ್ಟಿ. ಸವದತ್ತಿಯ ರಟ್ಟರು ಲತ್ತಲೂರುಪುರವರಾಧೀಶ್ವರರು. ಅವರದು ಸುವರ್ಣಗರುಡಧ್ವಜ, ತ್ರಿವಳಿ ವಾದ್ಯ. ಕಳಚುರ್ಯರು ಕಾಲಂಜರಪುರವರಾಧೀಶ್ವರರು, ಅವರದು ಸುವರ್ಣವೃಷಭಧ್ವಜ, ಡಮರುಗ ವಾದ್ಯ. ನಾಗವಂಶದವರೆನಿಸಿಕೊಂಡ ಬಾಗಡಗೆಯ ಸಿಂದರು ಧ್ವಜದಲ್ಲಿ ನಾಗನನ್ನು ಧರಿಸಿದರೂ ಲಾಂಛನದಲ್ಲಿ ವ್ಯಾಘ್ರವನ್ನಿರಿಸಿಕೊಂಡರು. ಹೀಗೆ ಒಂದೇ ವಂಶಕ್ಕೆ ಎರಡು ಪ್ರಾಣಿಗಳು ಸಲ್ಲುವುದರಲ್ಲಿ ವಿರೋಧವೇನೂ ಇಲ್ಲ. ಅವುಗಳ ಸ್ಥಾನಗಳೇ ಬೇರೆ.

ಲಾಂಛನವೆಂಬುದು ಅಚ್ಚೊತ್ತಿದ ಗುರುತು. ತಾಮ್ರಪಟಗಳ ಬಳೆಗೆ ಬೆಸೆದ ಮುದ್ರೆಯಲ್ಲಿಯೂ ನಾಣ್ಯಗಳಲ್ಲಿಯೂ ಮುಖ್ಯವಾಗಿ ತೋರುವುದು ಅದೇ. ಬಾದಾಮಿ ಚಾಲುಕ್ಯರ ಮುದ್ರೆಯಲ್ಲಿ ವರಾಹ, ತಲಕಾಡು ಗಂಗರ ಮುದ್ರೆಯಲ್ಲಿ ಆನೆ, ರಾಷ್ಟ್ರಕೂಟರ ಅನೇಕ ಮುದ್ರೆಗಳಲ್ಲಿ ಗರುಡ ಕಂಡುಬರುವುದು ಇದಕ್ಕೆ ಸಾಕ್ಷಿ. ಧ್ವಜವಾದರೋ ದಂಡಿನ ಮುಂದೆ ಎತ್ತಿ ಹಿಡಿಯತಕ್ಕದ್ದು. ಗಂಗರ ಲಾಂಛನ ಮದಗಜೇಂದ್ರವಾದರೂ ಅವರ ಧ್ವಜ ನವಿಲುಗರಿಯ ಪಿಂಛ. ಸಿಂಹನಂದ್ಯಾಚಾರ್ಯನು ತನ್ನ ಪಿಂಛವನ್ನೇ ಗಂಗರಿಗೆ ಧ್ವಜವಾಗಿ ಕೊಟ್ಟನೆಂಬ ಐತಿಹ್ಯವನ್ನು ಶಿವಮೊಗ್ಗೆಯ ಸೀಮೆಯ ಕಲ್ಲೂರುಗುಡ್ಡದಲ್ಲಿರುವ ಹನ್ನೆರಡನೆಯ ಶತಮಾನದ ಶಾಸನವು ಹೇಳುತ್ತದೆ. ಗೋವೆಯ ಕದಂಬರ ನಾಣ್ಯಗಳಲ್ಲಿ ಸಿಂಹವಿರುವುದನ್ನು ಕಂಡು, ವಾನರವೆಲ್ಲಿ ಹೋಯಿತೆಂದು ಶಂಕಿಸುವುದಕ್ಕೆ ಆಸ್ಪದವಿಲ್ಲ. ನಾಣ್ಯದ ಮೇಲಿರತಕ್ಕದ್ದು ಲಾಂಛನವೇ ಹೊರತು ಧ್ವಜಚಿಹ್ನೆಯಲ್ಲ.

ಪದಗಳ ಅರ್ಥದಲ್ಲಿಯೂ ಎಡವುವ ಸ್ಥಳಗಳುಂಟು. ಕದಂಬರ ಧ್ವಜವನ್ನು ಶಾಸನಕವಿಗಳು ಕೆಲವೆಡೆ ಶಾಖಾಚರೇಂದ್ರಧ್ವಜವೆಂದಿರುವರು. ಶಾಖಾಚರವೆಂದರೆ ಕೊಂಬೆಯಿಂದ ಕೊಂಬೆಗೆ ಸಂಚರಿಸುವ ಕಪಿ. ವಂಶದ ಹೆಸರು ಮರದ ಹೆಸರಾದ ಮಾತ್ರಕ್ಕೆ ಇಲ್ಲಿ ಮರದ ಕೊಂಬೆಯ ಚಿತ್ರವನ್ನು ಊಹಿಸಬೇಕಾಗಿಲ್ಲ. ರಟ್ಟರ ಲಾಂಛನದ ಸಂಗತಿ ಇದಕ್ಕಿಂತಲೂ ಸೂಕ್ಷ್ಮವಾದುದು. ಅದು ಸಿಂದೂರವೆಂದಾದರೆ ಕೆಂಪು ಪುಡಿ, ಸಿಂಧುರವೆಂದಾದರೆ ಆನೆ. ದಕಾರ ಧಕಾರಗಳಿಗೂ ಹ್ರಸ್ವ ದೀರ್ಘಗಳಿಗೂ ಇರುವ ಅಂತರವನ್ನು ಶಿಲೆಯಲ್ಲಿ ಕಂಡರಿಸುವವನು ಎಲ್ಲೆಡೆಯಲ್ಲಿಯೂ ಕಾಪಾಡುವನೆಂಬ ನಿಯಮವಿಲ್ಲ. ಸಿಂಹ, ವರಾಹ, ವ್ಯಾಘ್ರ, ಮದಗಜಗಳ ನಡುವೆ ಒಂದು ಪುಡಿಯು ಮಾತ್ರ ಲಾಂಛನವಾಗುವುದು ಅಸಹಜವಾದುದರಿಂದ ಆನೆಯೆಂಬ ಅರ್ಥವೇ ಯುಕ್ತತರವಾಗಿದೆ.

ಇನ್ನು ಹೂಗಳ ವಿಷಯ. ಮೇಲೆ ಹೇಳಿದ ವಂಶಗಳಲ್ಲಿ ಒಂದಕ್ಕೂ ಹೂವು ಲಾಂಛನವಾಗಿಲ್ಲ. ಕದಂಬಪುಷ್ಪದ ಮರದಿಂದ ಹೆಸರು ಪಡೆದ ಕುಲವೂ ಲಾಂಛನಕ್ಕೆ ಆರಿಸಿಕೊಂಡುದು ಸಿಂಹವನ್ನು. ಆದರೆ ಪುಷ್ಪಗಳಿಗೆ ಬೇರೆ ಎಡೆಗಳಲ್ಲಿ ಮನ್ನಣೆಯಿತ್ತು. ನಡುವೆ ತಾವರೆಯನ್ನು ಒತ್ತಿದ ಚಿನ್ನದ ನಾಣ್ಯಗಳಿಗೆ ಪದ್ಮಟಂಕವೆಂಬ ಹೆಸರೇ ರೂಢವಾಗಿದೆ. ಚಾಲುಕ್ಯ ರಾಷ್ಟ್ರಕೂಟರ ಪ್ರಶಸ್ತಿಗಳಲ್ಲಿ ಬರುವ ಪಾಳಿಧ್ವಜವೆಂಬುದು ಒಂದೇ ಪತಾಕೆಯಲ್ಲ, ಪತಾಕೆಗಳ ಸಾಲು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯನ ಆದಿಪುರಾಣವು ಇದಕ್ಕೆ ಬೆಳಕು ಕೊಡುವುದು. ಅದರಂತೆ ಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ವೃಷಭ, ಗಜ, ಚಕ್ರ ಎಂಬ ಹತ್ತು ಬಗೆಯ ಧ್ವಜಗಳು ಒಂದೊಂದು ದಿಕ್ಕಿನಲ್ಲಿ ಬಗೆಗೆ ೧೦೮ರಂತೆ ನಿಲ್ಲುವುವು. ಒಂದು ದಿಕ್ಕಿಗೆ ೧೦೮೦, ನಾಲ್ಕು ದಿಕ್ಕಿಗೆ ೪೩೨೦. ಮಾಲೆಯೂ ಕಮಲವೂ ಇಲ್ಲಿ ಸಿಂಹಗರುಡಗಳ ಸಾಲಿನಲ್ಲಿಯೇ ಸೇರಿವೆ. ಹೂವು ಮುದ್ರೆಯನ್ನು ಏರದಿದ್ದರೂ ಧ್ವಜವನ್ನು ಏರಿತು.

ಈ ವಿವೇಚನೆಯಿಂದ ಅಮೃತಾಪುರದ ಮೃಗಕ್ಕೆ ಹಿಂದಿರುಗಬಹುದು. ಸಳನು ಸೊಸೆವೂರಿನಲ್ಲಿ ಮುನಿಯ ಅಪ್ಪಣೆಯಂತೆ ಹುಲಿಯನ್ನು ಹೊಯ್ದನೆಂಬ ಕಥೆಯು ವಿಷ್ಣುವರ್ಧನನ ಕಾಲದ ೧೧೧೭ರ ಬೇಲೂರು ಶಾಸನದಲ್ಲಿ ಬರುತ್ತದೆ. ಹುಲಿಯೆಂಬುದೇ ಶಾರ್ದೂಲವೆಂಬುದರ ಮೊದಲ ಅರ್ಥ. ಆದರೆ ಶಿಲ್ಪಿಗಳ ಪರಿಭಾಷೆಯಲ್ಲಿ ಶಾರ್ದೂಲವೆಂದರೆ ಸಿಂಹದ ಆಕಾರವುಳ್ಳ ಕಲ್ಪಿತ ಮೃಗವೂ ಹೌದು. ಕವಿಯೂ ಶಿಲ್ಪಿಯೂ ಒಂದೇ ಪದವನ್ನು ಬಳಸಿದರೂ ಅವರ ಕಣ್ಣಮುಂದಿದ್ದ ರೂಪಗಳು ಬೇರೆಯಾಗಿದ್ದುವು. ಕೆಲವು ಶಾಸನಗಳಲ್ಲಿ ಸಳನ ಆಯುಧವು ಮುನಿಯು ಕೊಟ್ಟ ಸೆಳೆ, ಎಂದರೆ ಬೆತ್ತ. ಶಿಲ್ಪಗಳಲ್ಲಿ ಅದು ಕತ್ತಿಯಾಗಿದೆ.

ಇಂತಹುದು ಕನ್ನಡನಾಡಿಗೆ ಮಾತ್ರ ಮೀಸಲಲ್ಲ. ಅಮೃತಾಪುರದ ದೇವಾಲಯವು ಸಿದ್ಧವಾದ ಎರಡು ವರ್ಷಗಳಲ್ಲಿ, ಎಂದರೆ ೧೧೯೮ರಲ್ಲಿ, ಇಂಗ್ಲೆಂಡಿನ ಒಂದನೆಯ ರಿಚರ್ಡ್ ದೊರೆಯು ಮೂರು ಸಿಂಹಗಳ ಗುರಾಣಿಯನ್ನುಳ್ಳ ರಾಜಮುದ್ರೆಯನ್ನು ಬಳಕೆಗೆ ತಂದನು. ನಡೆಯುತ್ತ ಮುಖವನ್ನು ನೋಡುವವನ ಕಡೆಗೆ ತಿರುಗಿಸಿದ ಆ ಸಿಂಹಗಳನ್ನು ಫ್ರೆಂಚ್ ಭಾಷೆಯ ಚಿಹ್ನಾಶಾಸ್ತ್ರಜ್ಞರು ಚಿರತೆಗಳೆಂದೇ ಕರೆಯುತ್ತಿದ್ದರು. ಅಲ್ಲಿ ಹೆಸರು ಪ್ರಾಣಿಯ ಜಾತಿಯನ್ನಲ್ಲ, ಭಂಗಿಯನ್ನು ಅವಲಂಬಿಸಿತ್ತು. ಚಿಹ್ನೆಯ ಮೃಗವು ಕಾಡಿನ ಮೃಗವಲ್ಲವೆಂಬುದು ಎರಡು ನಾಡುಗಳಲ್ಲಿಯೂ ಸಮಾನವಾಗಿದೆ.

ಕಾಲ ನಿರ್ದೇಶವಿಲ್ಲದ, ಅರಸನ ಹೆಸರು ಅಳಿಸಿಹೋದ ಕಲ್ಲುಗಳಲ್ಲಿ ಎಷ್ಟೋ ವೇಳೆ ಉಳಿದಿರುವುದು ಪ್ರಶಸ್ತಿಯ ಒಂದೆರಡು ತುಂಡುಗಳು ಮಾತ್ರ. ಅಂತಹ ಕಡೆ ಧ್ವಜವನ್ನು ಲಾಂಛನವೆಂದು ಬರೆದರೆ ಕಲ್ಲು ಬೇರೊಂದು ವಂಶಕ್ಕೆ ಸಲ್ಲುವುದು. ಆದಕಾರಣ ಶಾಸನದ ಪದವನ್ನು ಶಾಸನದಲ್ಲಿರುವಂತೆಯೂ, ಶಿಲ್ಪದ ರೂಪವನ್ನು ಕಂಡಂತೆಯೂ ಬೇರೆಬೇರೆಯಾಗಿ ದಾಖಲೆ ಮಾಡಿ, ಆಮೇಲೆ ಅವುಗಳ ಸಂಬಂಧವನ್ನು ವಿಚಾರಿಸುವುದೇ ಸರಿಯಾದ ಮಾರ್ಗ. ಅಮೃತಾಪುರದ ವಿಷಯದಲ್ಲಿ, ಕಥೆಯಲ್ಲಿ ಹುಲಿ, ಶಿಲ್ಪದಲ್ಲಿ ಸಿಂಹಾಕಾರ, ಎರಡಕ್ಕೂ ಸಲ್ಲುವ ಹೆಸರು ಶಾರ್ದೂಲ ಎಂದರೆ ಸಾಕು. ಒಂದನ್ನು ಉಳಿಸಲು ಮತ್ತೊಂದನ್ನು ತಳ್ಳಿಹಾಕಬೇಕಾದುದಿಲ್ಲ.