ತಾಮ್ರಫಲಕದ ಮೇಲಿನ ಕಡಲಮೀನು

ಪುಣೆಗೆ ಆಗ್ನೇಯದಲ್ಲಿ, ಪುರಂದರ ದುರ್ಗಕ್ಕೆ ಸಮೀಪವಾಗಿ ಕರ್ಹಾ ನದಿಯ ತೀರದಲ್ಲಿರುವ ಸಾಸವಡವು ಘಟ್ಟದ ಮೇಲಣ ಊರು. ಕಡಲು ಅದಕ್ಕೆ ದೂರ. ಇಂತಹ ಒಳನಾಡುಗಳ ಶಿಲ್ಪದಲ್ಲಿ ಜಲಚರವೆಂದರೆ ಬಹುಮಟ್ಟಿಗೆ ಮಕರವೇ ಸರಿ. ಹಳೇಬೀಡಿನ ಭಿತ್ತಿಯಲ್ಲಿ ಮಕರಗಳ ಸಾಲನ್ನು ಕಡೆದವರು ಸಮುದ್ರವನ್ನು ಕಂಡಿರಲೇಬೇಕೆಂಬ ನಿಯಮವಿರಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬಂದ ತಾಮ್ರಫಲಕದ ಮುದ್ರಣಚಿತ್ರವಾದರೋ ಬೇರೊಂದು ಶಿಸ್ತಿಗೆ ಒಳಪಟ್ಟುದು. ಅಲ್ಲಿ ಮೀನಿನ ಈಜುರೆಕ್ಕೆಯ ಮುಳ್ಳುಗಳನ್ನು ಎಣಿಸಿಯೇ ಬಿಡಿಸಬೇಕು.

ಈ ಶಿಸ್ತಿಗೆ ಉತ್ತಮ ನಿದರ್ಶನ ಪ್ಯಾಟ್ರಿಕ್ ರಸೆಲನ ಗ್ರಂಥ. ವೈದ್ಯನಾದ ಈತನು ವಿಶಾಖಪಟ್ಟಣದಲ್ಲಿದ್ದು, 1785ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗಶಾಸ್ತ್ರಜ್ಞನಾಗಿ, 1789ರಲ್ಲಿ ಸ್ವದೇಶಕ್ಕೆ ಮರಳಿದನು. ಅಲ್ಲಿ ಸಂಗ್ರಹಿಸಿದ ಇನ್ನೂರು ಮೀನುಗಳ ವರ್ಣನೆ 1803ರಲ್ಲಿ ಲಂಡನ್ನಿನಲ್ಲಿ ಎರಡು ಸಂಪುಟಗಳಾಗಿ ಅಚ್ಚಾಯಿತು. ಈತನು ಮೀನುಗಳಿಗೆ ಬೆಸ್ತರ ತೆಲುಗು ಹೆಸರುಗಳನ್ನೇ ಉಳಿಸಿಕೊಂಡುದು ಮೆಚ್ಚತಕ್ಕ ಸಂಗತಿ. ಕರಿಯ ಮಾಂಜಿ ಅಲ್ಲಿ 'ನಲ ಸಂದವ'. ತೆಲುಗಿನ ನಲ್ಲ ಚಂದುವವೇ ಅದು. ವಿದ್ಯುತ್ತಿನ ಆಘಾತ ಕೊಡುವ ತೊರಕೆಜಾತಿಯ ಮೀನು 'ತೆಮೆರಿ'. ತೆಲುಗಿನಲ್ಲಿ ತಿಮ್ಮಿರಿ ಎಂದರೆ ಜೋಮು. ಮುಟ್ಟಿದ ಕೈಗೆ ಆದ ಅನುಭವವೇ ಹೆಸರಾಗಿರುವಾಗ, ಫಲಕದ ಗೆರೆಗಳು ಅದನ್ನು ತಾವಾಗಿ ಹೇಳಲಾರವು.

ಕೆತ್ತನೆಯಲ್ಲಿ ಉಳಿಯಿಂದ ತಾಮ್ರವನ್ನು ಗೀರಿ, ಗೀರಿನಲ್ಲಿ ಮಸಿ ತುಂಬಿ, ಕಾಗದಕ್ಕೆ ಒತ್ತುವರು. ಗೆರೆ ಸ್ಫುಟವಾಗಿ ಮೂಡುವುದಾದರೂ ಮೀನಿನ ಮೈಯ ನುಣುಪು ದಕ್ಕುವುದು ಕಷ್ಟ. ಅಕ್ವಾಟಿಂಟ್ ವಿಧಾನದಲ್ಲಿ ರಾಳದ ಪುಡಿಯನ್ನು ಫಲಕದ ಮೇಲೆ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದುವರು. ಕಣಗಳ ನಡುವಣ ತಾಮ್ರವನ್ನು ಮಾತ್ರ ಆಮ್ಲವು ಕೊರೆಯುವುದರಿಂದ ತೊಳೆದ ಬಣ್ಣದಂತಹ ಛಾಯೆ ಒದಗುತ್ತದೆ. ಹೊತ್ತು ಹೆಚ್ಚಿದಷ್ಟೂ ಛಾಯೆ ಗಾಢ. ಗೆರೆ ಮತ್ತು ಛಾಯೆ ಎರಡನ್ನೂ ಒಂದೇ ಫಲಕದಲ್ಲಿ ಕೂಡಿಸಿದ ಜಲಚರಚಿತ್ರಗಳು ಹೀಗೆ ಹುಟ್ಟಿದವು. ಭಾರತವನ್ನು ಸುತ್ತಿ 1794ರಲ್ಲಿ ಮರಳಿದ ವಿಲಿಯಂ ಡೇನಿಯಲ್ ಈ ವಿಧಾನದಲ್ಲಿ ಪಳಗಿದವನು. 1807ರ 'ಜೂಆಗ್ರಫಿ' ಗ್ರಂಥದ ಫಲಕಗಳು ಅವನವು.

ಆದರೆ ಮೊದಲು ಮೀನನ್ನು ಕಂಡು ಬರೆದ ಕೈ ಯಾರದು? ರಸೆಲನಿಗೆ ಚಿತ್ರ ಬರೆದುಕೊಟ್ಟವನು ದೇಶೀಯ ಚಿತ್ರಕಾರ. ಬೆಸ್ತರ ನುಡಿ ಗ್ರಂಥದಲ್ಲಿ ನಿಂತಿತು, ಅವನ ಹೆಸರು ಪ್ರಸಿದ್ಧಿಗೆ ಬರಲಿಲ್ಲ. ಅದೇ ಕಾಲದ ಪುಣೆಯಲ್ಲಿ ಸ್ಥಿತಿ ಕೊಂಚ ಬೇರೆ. ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟನ ಆಶ್ರಯದಲ್ಲಿದ್ದು ವೇರೂಳದ ಗುಹೆಗಳನ್ನು ಬರೆದ ಗಂಗಾರಾಮ ತಾಂಬಟನ ಹೆಸರು ತಿಳಿದಿದೆ. ತಾಂಬಟನೆಂದರೆ ತಾಮ್ರದ ಕೆಲಸದವನು. ಆದರೂ ಫಲಕದ ಕೀರ್ತಿ ಸಂದುದು ಬೇರೆಯವರಿಗೆ. 1795ರಲ್ಲಿ ತೀರಿಕೊಂಡ ಜೇಮ್ಸ್ ವೇಲ್ಸನ ಗುಹಾಚಿತ್ರಗಳನ್ನು ಆಧರಿಸಿ ಥಾಮಸ್ ಡೇನಿಯಲ್ ವೇರೂಳದ ಇಪ್ಪತ್ತನಾಲ್ಕು ಫಲಕಗಳನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಗಂಗಾರಾಮನ ಕಾಗದಗಳಲ್ಲಿ ಹಲವು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ.